ಹೆಸರು ಊರಿಂದು, ಕೀಲಿಕೈ ಯಾರದು?

ಬೆಂಗೇರಿ: ಯಾವ ಕ್ಲಬ್ಬು ದೊಡ್ಡದು? ಈ ಪ್ರಶ್ನೆಗೆ ಇಲ್ಲಿಯ ಚಹಾದಂಗಡಿಗಳಲ್ಲಿ ಮೂರು ಬಗೆಯ ಉತ್ತರ ಸಿಗುತ್ತವೆ. ಕಾಲೇಜು ಹುಡುಗರು ಗೆದ್ದ ಕಪ್ ಎಣಿಸುತ್ತಾರೆ. ಅಂಗಡಿಕಾರರು ಮಾಲೀಕನ ರೊಕ್ಕ ಎಣಿಸುತ್ತಾರೆ. ಕೇಶ್ವಾಪುರದ ಬಸ್ಸಿಗೆ ಕಾಯುತ್ತ ನಿಂತ ಹಿರಿಯರು ಮಾತ್ರ, "ಆ ಕ್ಲಬ್ಬಿನ ಕೀಲಿಕೈ ಯಾರ ಕಿಸೇದಾಗ ಐತಿ, ಅದನ್ನ ಮೊದಲ ಹೇಳ್ರಿ" ಎನ್ನುತ್ತಾರೆ.

ಹಿರಿಯರ ಮಾತೇ ಖರೆ. ಯಾಕೆಂದರೆ ಕಪ್ ಇಂದು ಬರುತ್ತದೆ, ನಾಳೆ ಬೇರೆಯವರ ಮನೆಗೆ ಹೋಗುತ್ತದೆ. ರೊಕ್ಕವಂತೂ ಕೊಟ್ಟವನ ಮನಸ್ಸು ಇರುವ ತನಕ. ಮಾಲೀಕ ಎದ್ದು ಹೋದ ಮೇಲೂ ಕ್ಲಬ್ಬಿನ ಬಾಗಿಲು ತೆರೆದಿರುತ್ತದೆಯೇ, ಇಲ್ಲವೇ? ದೊಡ್ಡಸ್ತಿಕೆಯ ಪರೀಕ್ಷೆ ಅಲ್ಲೇ ಇದೆ.

ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಲಿ ಗಲ್ಲಿಯಲ್ಲೂ ಗಣಪತಿ ಮಂಡಳಗಳಿವೆ. ಮನೆಮನೆಗೆ ಹೋಗಿ ಪಟ್ಟಿ ಎತ್ತುವ ಮಂಡಳ ಹತ್ತಿಪ್ಪತ್ತು ವರ್ಷ ನಡೆಯುತ್ತದೆ. "ಪಟ್ಟಿ ಯಾಕ ಎತ್ತತೀರಿ, ಎಲ್ಲಾ ಖರ್ಚು ನಂದ" ಅಂತ ಒಬ್ಬ ಧಣಿ ಮುಂದೆ ಬಂದರೆ ಆ ವರ್ಷ ಪೆಂಡಾಲ್ ದೊಡ್ಡದಾಗುತ್ತದೆ, ಲೈಟಿನ ಸರ ಉದ್ದವಾಗುತ್ತದೆ. ಧಣಿ ಮುನಿಸಿಕೊಂಡ ವರ್ಷ ಗಣಪತಿ ಕೂರಿಸುವವರೇ ಇರುವುದಿಲ್ಲ. ನಡುವೆ ಪಟ್ಟಿ ಎತ್ತುವ ರೂಢಿಯೂ ತಪ್ಪಿಹೋಗಿರುತ್ತದೆ. ಫುಟ್ಬಾಲ್ ಕ್ಲಬ್ಬುಗಳ ಕಥೆಯೂ ಇದೇ. ಲೆಕ್ಕದ ಸೊನ್ನೆಗಳು ಮಾತ್ರ ಹೆಚ್ಚು.

ಅಂಗಡಿಯನ್ನೇ ಅಡವಿಟ್ಟು ಅಂಗಡಿ ಕೊಂಡರು!

ಒಬ್ಬ ನಿಮ್ಮ ಕಿರಾಣಿ ಅಂಗಡಿ ಕೊಳ್ಳುತ್ತೇನೆ ಅಂತ ಬಂದ ಎಂದಿಟ್ಟುಕೊಳ್ಳಿ. ಅವನ ಕೈಯಲ್ಲಿ ಅರ್ಧ ರೊಕ್ಕವೂ ಇಲ್ಲ. ನಿಮ್ಮ ಅಂಗಡಿಯನ್ನೇ ಅಡವಿಟ್ಟು ಸಾಲ ಎತ್ತಿದ, ಅದೇ ಸಾಲದಿಂದ ಅಂಗಡಿ ಕೊಂಡ, ಆಮೇಲೆ ಬಡ್ಡಿಯನ್ನು ಅಂಗಡಿಯ ಗಲ್ಲೆಯಿಂದಲೇ ಕಟ್ಟತೊಡಗಿದ. ಇದೆಂಥಾ ವ್ಯಾಪಾರ ಎನ್ನುತ್ತೀರಾ? 2005ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು ಅಮೆರಿಕದ ಗ್ಲೇಜರ್ ಕುಟುಂಬ ಕೊಂಡದ್ದು ಹೀಗೆಯೇ. ವ್ಯವಹಾರ ಸುಮಾರು 79 ಕೋಟಿ ಪೌಂಡಿನದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲ. ಅಲ್ಲಿಯವರೆಗೆ ಕ್ಲಬ್ಬಿನ ಮೇಲೆ ಸಾಲದ ಹೊರೆ ಇರಲಿಲ್ಲ.

ಮೊದಲ ಕೆಲವು ವರ್ಷ ಏನೂ ಗೊತ್ತಾಗಲಿಲ್ಲ. 2008ರಲ್ಲಿ ತಂಡ ಯುರೋಪಿನ ಚಾಂಪಿಯನ್ ಆಯಿತು. ಗೆಲುವು ಬಂದಾಗ ಬಡ್ಡಿಯ ಲೆಕ್ಕ ಯಾರೂ ಕೇಳುವುದಿಲ್ಲ. 2013ರಲ್ಲಿ ಇಂಗ್ಲೆಂಡಿನ ಲೀಗ್ ಗೆದ್ದದ್ದೇ ಗೆದ್ದದ್ದು, ನಂತರ ಹತ್ತು ವರ್ಷ ದಾಟಿದರೂ ಆ ಪ್ರಶಸ್ತಿ ಮರಳಿ ಬರಲಿಲ್ಲ. 2024ರಲ್ಲಿ ಇನ್ನೊಬ್ಬ ಸಿರಿವಂತ ಕಾಲು ಭಾಗಕ್ಕಿಂತ ತುಸು ಹೆಚ್ಚು ಪಾಲು ಕೊಂಡು ಒಳಗೆ ಬಂದರು. ಉಳಿತಾಯದ ಹೆಸರಿನಲ್ಲಿ ನೂರಾರು ನೌಕರರನ್ನು ಮನೆಗೆ ಕಳಿಸಿದರು. 2025ರಲ್ಲಿ ಸಿಬ್ಬಂದಿಯ ಬಿಟ್ಟಿ ಊಟಕ್ಕೂ ಕತ್ತರಿ ಬಿತ್ತು. ಕೋಟಿಗಟ್ಟಲೆ ಸಂಬಳದ ಆಟಗಾರರಿರುವ ಮನೆಯಲ್ಲಿ ಗುಮಾಸ್ತರ ತಟ್ಟೆಗೆ ಕೈ ಹಾಕಿದರು!

ಹಾಗಂತ ಸಾಲವೆಲ್ಲ ಕೆಟ್ಟದ್ದಲ್ಲ. ಲಂಡನ್ನಿನ ಆರ್ಸೆನಲ್ ಕ್ಲಬ್ಬು ಸಾಲ ಮಾಡಿ ಹೊಸ ಮೈದಾನ ಕಟ್ಟಿ 2006ರಲ್ಲಿ ತೆರೆಯಿತು. ಹಳೆಯದರಲ್ಲಿ 38 ಸಾವಿರ ಜನ ಹಿಡಿಸುತ್ತಿದ್ದರು, ಹೊಸದರಲ್ಲಿ 60 ಸಾವಿರ. ಕೆಲವು ವರ್ಷ ಕೈ ಬಿಗಿಯಾಯಿತು, ಒಳ್ಳೆಯ ಆಟಗಾರರನ್ನು ಮಾರಬೇಕಾಯಿತು. ಆದರೆ ಮೈದಾನ ಉಳಿಯಿತು, ಟಿಕೆಟ್ಟಿನ ಗಳಿಕೆ ಬೆಳೆಯಿತು. ಅಂಗಡಿ ವಿಸ್ತಾರ ಮಾಡಲು ಮಾಡಿದ ಸಾಲಕ್ಕೂ ಧಣಿಯ ಸಲುವಾಗಿ ಅಂಗಡಿ ಹೊತ್ತ ಸಾಲಕ್ಕೂ ಇರುವ ಅಂತರ ಇದು.

ಧಣಿ ಇಲ್ಲದ ಕ್ಲಬ್ಬುಗಳು ಕ್ಷೇಮವೇ? ಅದನ್ನೂ ಹೇಳಲಾಗದು. ಸ್ಪೇನಿನ ಬಾರ್ಸಿಲೋನಾಕ್ಕೆ ಒಬ್ಬ ಮಾಲೀಕ ಇಲ್ಲ. ಲಕ್ಷಕ್ಕೂ ಹೆಚ್ಚು ಸದಸ್ಯರೇ ಮಾಲೀಕರು, ಅವರೇ ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಆದರೂ 2021ರ ಆಗಸ್ಟಿನಲ್ಲಿ ಅಧ್ಯಕ್ಷರೇ ಸುಮಾರು 135 ಕೋಟಿ ಯೂರೋ ಸಾಲ ಇದೆ ಎಂದು ಲೆಕ್ಕ ಕೊಟ್ಟರು. ಅದೇ ತಿಂಗಳು ಮೆಸ್ಸಿ ಕಣ್ಣೀರು ಒರೆಸಿಕೊಂಡು ಹೊರಟರು. ಗೆದ್ದು ಬಂದ ಅಧ್ಯಕ್ಷರು ಮುಂದಿನ ಚುನಾವಣೆ ನೋಡಿಕೊಂಡು ಖರ್ಚು ಮಾಡಿದರೆ ಸೊಸೈಟಿಯೂ ಮುಳುಗುತ್ತದೆ. ಇದು ನಮ್ಮ ಸಹಕಾರಿ ಸಂಘಗಳ ಸದಸ್ಯರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಒಂದು ಭೇದ ಉಂಟು: ಬಾರ್ಸಿಲೋನಾದ ಸದಸ್ಯರು ಅಧ್ಯಕ್ಷರನ್ನು ಬದಲಿಸಬಹುದು. ಮ್ಯಾಂಚೆಸ್ಟರಿನ ಅಭಿಮಾನಿ ಘೋಷಣೆ ಕೂಗಬಹುದು, ಅಷ್ಟೇ.

ಇನ್ನು ಬೆರಿ ಎಂಬ ಚಿಕ್ಕ ಊರಿನ ಕ್ಲಬ್ಬು. 1885ರಲ್ಲಿ ಹುಟ್ಟಿದ್ದು. 1903ರಲ್ಲಿ ಇಂಗ್ಲೆಂಡಿನ ಎಫ್‌.ಎ. ಕಪ್ ಫೈನಲಿನಲ್ಲಿ 6-0 ಗೋಲುಗಳಿಂದ ಗೆದ್ದ ತಂಡ. ಸಾಲ ಏರಿ ಏರಿ, 2018ರಲ್ಲಿ ಇಡೀ ಕ್ಲಬ್ಬು ಒಂದೇ ಒಂದು ಪೌಂಡಿಗೆ ಕೈ ಬದಲಾಯಿತು. 2019ರ ಆಗಸ್ಟಿನಲ್ಲಿ ಲೀಗಿನಿಂದಲೇ ಹೊರಬಿತ್ತು. ಒಂದು ಪೌಂಡಿಗೆ ಸಿಗುವ ಕ್ಲಬ್ಬಿನ ಜೊತೆ ಅದರ ಸಾಲವೂ ಬರುತ್ತದೆಂಬುದು ಅಲ್ಲಿಯ ಅಂಗಡಿಕಾರರಿಗೆ ತಡವಾಗಿ ಅರ್ಥವಾಯಿತು.

ಬೆಂಗಳೂರಿನ ರೊಕ್ಕ, ಕಲಕತ್ತೆಯ ಅಂಗಿ

ನಮ್ಮ ದೇಶದ ಲೆಕ್ಕಕ್ಕೆ ಬರೋಣ. ಕಲಕತ್ತೆಯ ಮೋಹನ್ ಬಗಾನ್ 1889ರದು. 1911ರಲ್ಲಿ ಬರಿಗಾಲಿನಲ್ಲಿ ಆಡಿ ಬಿಳಿಯರ ಪಲ್ಟಣಿನ ತಂಡವನ್ನು 2-1ರಿಂದ ಸೋಲಿಸಿ ಐ.ಎಫ್‌.ಎ. ಶೀಲ್ಡ್ ಗೆದ್ದಿತು. ಅದರ ಎದುರಾಳಿ ಈಸ್ಟ್ ಬೆಂಗಾಲ್ 1920ರದು. ಇವೆರಡರ ನಡುವಿನ ಹಟ ದೇಶಕ್ಕೇ ಗೊತ್ತು. 1998ರ ಹೊತ್ತಿಗೆ ಎರಡಕ್ಕೂ ರೊಕ್ಕ ಹಾಕಿದ್ದು ಒಂದೇ ಮನೆ, ಬೆಂಗಳೂರಿನ ಯುಬಿ ಕಂಪನಿ. ಒಂದು ಅಂಗಿಯ ಮೇಲೆ ಮ್ಯಾಕ್‌ಡೊವೆಲ್, ಇನ್ನೊಂದರ ಮೇಲೆ ಕಿಂಗ್‌ಫಿಷರ್. ಮೈದಾನದಲ್ಲಿ ಜಗಳ, ಖಾತೆಯಲ್ಲಿ ಭಾಯಿಭಾಯಿ!

ಆಮೇಲೆ 2018ರಲ್ಲಿ ಬೆಂಗಳೂರಿನದೇ ಕ್ವೆಸ್ ಎಂಬ ಕಂಪನಿ ಈಸ್ಟ್ ಬೆಂಗಾಲಿಗೆ ಬಂಡವಾಳ ಹಾಕಿತು. 2020ರಲ್ಲಿ ಅದು ಹೊರಟಿತು, ಸಿಮೆಂಟಿನವರು ಬಂದರು. 2022ರಲ್ಲಿ ಅವರೂ ಹೊರಟರು, ಇಮಾಮಿ ಬಂತು. ನಾಲ್ಕು ವರ್ಷದಲ್ಲಿ ಮೂವರು ಧಣಿಗಳು. ಕ್ಲಬ್ಬು ಮಾತ್ರ ನಿಂತಲ್ಲೇ ನಿಂತಿದೆ. ಮೋಹನ್ ಬಗಾನಿನ ಫುಟ್ಬಾಲ್ ಕಂಪನಿಯ ಶೇಕಡಾ 80ರ ಪಾಲು 2020ರಲ್ಲಿ ಒಂದು ಉದ್ಯಮ ಸಮೂಹಕ್ಕೆ ಹೋಯಿತು. ಅವರು ಹೆಸರಿನ ಮುಂದೆ ತಮ್ಮ ಹಳೆಯ ತಂಡದ "ಎಟಿಕೆ" ಅಂಟಿಸಿದರು. ಜನ ಬಿಡಲಿಲ್ಲ. ಮೂರು ವರ್ಷ ಗಲಾಟೆ ಮಾಡಿ 2023ರಲ್ಲಿ ಆ ಮೂರಕ್ಷರ ತೆಗೆಸಿದರು. ಶೇಕಡಾ 80 ಕೊಂಡವನೂ ಜನರ ಮಾತಿಗೆ ಬಗ್ಗಬೇಕಾಯಿತು.

ಜನರ ಬೇರು ಇಲ್ಲದ ಕಡೆ ಏನಾಯಿತು? ಪಂಜಾಬಿನ ಫಗ್ವಾಡದ ಜೆಸಿಟಿ ಮಿಲ್ಲಿನ ತಂಡ 1996-97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿತ್ತು. 2011ರಲ್ಲಿ ಮುಚ್ಚಿತು. ಮುಂಬಯಿಯ ಮಹೀಂದ್ರ ಯುನೈಟೆಡ್ 2005-06ರ ಚಾಂಪಿಯನ್. 2010ರಲ್ಲಿ ಮುಚ್ಚಿತು. ಸಾಲದಿಂದ ಅಲ್ಲ, ಕಂಪನಿಗೆ ಸಾಕೆನಿಸಿತು. ಹೈದರಾಬಾದಿನ ತಂಡ 2022ರಲ್ಲಿ ಐ.ಎಸ್‌.ಎಲ್. ಗೆದ್ದಿತು. ಎರಡು ವರ್ಷ ತುಂಬುವ ಮೊದಲೇ ಆಟಗಾರರಿಗೆ ಸಂಬಳವಿಲ್ಲ. 2025ರಲ್ಲಿ ಅದು ದಿಲ್ಲಿಗೆ ಗಂಟುಮೂಟೆ ಕಟ್ಟಿತು, ಹೆಸರೂ ಬದಲಾಯಿತು. ಗೆದ್ದ ಕಪ್ ಯಾವ ಊರಿನದೆಂದು ಈಗ ಯಾರು ಹೇಳಬೇಕು?

ಕಲ್ಲಿದ್ದಲ ಗಾಡಿ ಮತ್ತು ನೀಲಿ ಅಂಗಿ

ಕರ್ನಾಟಕಕ್ಕೆ ಫುಟ್ಬಾಲ್ ಹೊಸದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಆ ಮೇಲೆ ಬಂದದ್ದು ಕಾರ್ಖಾನೆಗಳ ಕಾಲ. ಎಚ್‌.ಎ.ಎಲ್., ಐ.ಟಿ.ಐ. ಮುಂತಾದವು ಆಟಗಾರನಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಕಾಲಿಗೆ ಪೆಟ್ಟಾದರೂ ಪಗಾರ ನಿಲ್ಲುತ್ತಿರಲಿಲ್ಲ. ನೌಕರಿ ಭರ್ತಿ ಕಡಿಮೆಯಾಯಿತು, ಆ ಕಾಲವೂ ಹಿಂದೆ ಸರಿಯಿತು.

2013ರಲ್ಲಿ ಹುಟ್ಟಿದ್ದು ಬೆಂಗಳೂರು ಎಫ್‌.ಸಿ. ಧಣಿ ಜೆಎಸ್‌ಡಬ್ಲ್ಯೂ. ಹುಬ್ಬಳ್ಳಿಯವರಿಗೆ ಆ ಮನೆ ಗೊತ್ತೇ ಇದೆ. ಗೋವೆಯ ಬಂದರದಿಂದ ಬಂದು ನಮ್ಮ ರೈಲು ದಾರಿಯಲ್ಲಿ ಪೂರ್ವಕ್ಕೆ ಹೋಗುವ ಕಲ್ಲಿದ್ದಲ ಗಾಡಿಗಳು ಮುಟ್ಟುವುದು ತೋರಣಗಲ್ಲಿನ ಅವರ ಉಕ್ಕಿನ ಕಾರ್ಖಾನೆಗೆ. ಕ್ಲಬ್ಬು ಹುಟ್ಟಿದ ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎ.ಎಫ್‌.ಸಿ. ಕಪ್ ಫೈನಲ್ ಮುಟ್ಟಿತು, ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. 2018-19ರಲ್ಲಿ ಐ.ಎಸ್‌.ಎಲ್. ಗೆದ್ದಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುವ ಜನ ತಾವಾಗಿ ಕೂಡಿದವರು, ಕಂಪನಿ ಕರೆಸಿದವರಲ್ಲ. ಕೆಲಸ ಚೊಕ್ಕ ಮಾಡಿದ ಧಣಿ ಎಂದು ಒಪ್ಪಲೇಬೇಕು.

ಅಂಥ ಕ್ಲಬ್ಬೂ 2025ರ ಆಗಸ್ಟಿನಲ್ಲಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಕಾರಣ ಧಣಿಯ ದಿವಾಳಿಯಲ್ಲ. ಲೀಗ್ ನಡೆಸುವ ಕಂಪನಿಗೂ ಫುಟ್ಬಾಲ್ ಫೆಡರೇಶನ್ನಿಗೂ 2010ರಲ್ಲಿ ಆಗಿದ್ದ 15 ವರ್ಷದ ಕರಾರು ಮುಗಿಯಲು ಬಂದಿತ್ತು. ಹೊಸ ಕರಾರು ಕೂಡಲಿಲ್ಲ, ಲೀಗ್ ಯಾವಾಗ ಶುರುವಾಗುತ್ತದೆಂದು ಹೇಳುವವರಿರಲಿಲ್ಲ. ಕ್ಲಬ್ಬಿನ ಕೀಲಿಕೈ ಒಬ್ಬರ ಕಿಸೆಯಲ್ಲಿ, ಲೀಗಿನ ಕೀಲಿಕೈ ಇನ್ನೊಬ್ಬರ ಕಿಸೆಯಲ್ಲಿ. ಗ್ಯಾಲರಿಯಲ್ಲಿ ಹಾಡುವವರ ಕಿಸೆಯಲ್ಲಿ ಟಿಕೆಟ್ಟಿನ ಚೂರು ಮಾತ್ರ.

ಬೆಂಗೇರಿಯಲ್ಲೇ ಇರುವ ಪಾಠ

ಯಾರೊಬ್ಬರದೂ ಅಲ್ಲದ ಸಂಸ್ಥೆ ಹೇಗೆ ದೊಡ್ಡದಾಗುತ್ತದೆಂದು ನೋಡಲು ಸ್ಪೇನಿಗೆ ಹೋಗಬೇಕಾಗಿಲ್ಲ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ಇಲ್ಲೇ ಇದೆ. ಧಣಿಯಿಲ್ಲದ ಸಂಘ. ಇಲ್ಲಿ ಹೊಲಿದ ರಾಷ್ಟ್ರಧ್ವಜ ದೇಶದ ತುಂಬ ಹಾರುತ್ತದೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಮೈದಾನದಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುವಾಗ ನಾವು ನೋಡುವ ಬಾವುಟಕ್ಕೂ ಬೆಂಗೇರಿಗೂ ಇರುವ ನಂಟನ್ನು ಕೋಟ್ಯಧೀಶರ ಯಾವ ಕ್ಲಬ್ಬೂ ಕೊಳ್ಳಲಾರದು.

ಆದರೆ ಇಲ್ಲೂ ಎಲ್ಲ ಸುಖ ಎಂದರೆ ಸುಳ್ಳಾದೀತು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. 2022ರಲ್ಲಿ ಮನೆಮನೆಗೂ ಬಾವುಟ ಎಂಬ ಕರೆ ಬಂದಾಗ ಅಗ್ಗದ ಬಾವುಟ ರಾಶಿರಾಶಿ ಬಂದವು. ಸಂಘ ಆಕ್ಷೇಪಿಸಿತು. ಧಣಿ ಇಲ್ಲದ್ದಕ್ಕೆ ಕೈ ಹಿಡಿಯುವವರೂ ಕಡಿಮೆ. ಜನರ ಸಂಸ್ಥೆ ಉಳಿಯಬೇಕಾದರೆ ಜನ ಹೆಮ್ಮೆಪಟ್ಟರೆ ಸಾಲದು, ಕೊಳ್ಳಬೇಕು. ಪಟ್ಟಿ ಕೊಡದೆ ಗಣಪತಿ ಕೂರುವುದಿಲ್ಲ.

ಹುಲಿ ನಮ್ಮದೇ?

ಈಗ ಮನೆ ಬಾಗಿಲ ಪ್ರಶ್ನೆ. ಕ್ರಿಕೆಟ್ಟಿನಲ್ಲಿ ಹುಬ್ಬಳ್ಳಿ ಟೈಗರ್ಸ್ ಎಂಬ ತಂಡ ಉಂಟು. 2023ರಲ್ಲಿ ಮಹಾರಾಜ ಟ್ರೋಫಿ ಗೆದ್ದಾಗ ದುರ್ಗದಬೈಲಿನ ತನಕ ಹೆಮ್ಮೆಯ ಮಾತು ಕೇಳಿಬಂತು. ಆದರೆ ಆ ಟ್ರೋಫಿಯ ಪಂದ್ಯಗಳು 2022ರಿಂದ 2025ರ ತನಕ ನಡೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಹಿಂದಿನ ಕೆ.ಪಿ.ಎಲ್. ಕಾಲದಲ್ಲಿ ರಾಜನಗರದ ಮೈದಾನದಲ್ಲಿ ಪಂದ್ಯ ನೋಡಿದವರಿದ್ದಾರೆ. ಈ ನಾಲ್ಕು ವರ್ಷ ಹುಲಿ ಊರಿಗೆ ಬಂದು ಆಡಲಿಲ್ಲ. ಹುಬ್ಬಳ್ಳಿ ಹೆಸರಿನಲ್ಲಿ ಗೆದ್ದದ್ದನ್ನು ಹುಬ್ಬಳ್ಳಿ ಟಿ.ವಿ.ಯಲ್ಲಿ ನೋಡಿತು.

ರೊಕ್ಕ ಹಾಕುವ ಧಣಿಗಳನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವರಿಲ್ಲದೆ ಇಂದಿನ ಆಟ ನಡೆಯುವುದು ಕಷ್ಟ. ಜರ್ಮನಿಯಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ಅಲ್ಲಿಯ ಬಹುತೇಕ ಕ್ಲಬ್ಬುಗಳಲ್ಲಿ ಧಣಿ ಎಷ್ಟೇ ರೊಕ್ಕ ಹಾಕಿದರೂ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮ 1998ರಿಂದ ಉಂಟು. ನಮ್ಮಲ್ಲಿ ಅಂಥ ಕಾಯಿದೆ ಬರುವ ತನಕ, ಊರಿನ ಹೆಸರು ಕೇಳಲು ಬಂದ ಯಾವ ತಂಡಕ್ಕಾದರೂ ಮೂರು ಮಾತು ಕೇಳುವ ಹಕ್ಕು ಊರಿಗಿದೆ. ವರ್ಷಕ್ಕೆ ಎಷ್ಟು ಪಂದ್ಯ ಇಲ್ಲಿ ಆಡುತ್ತೀರಿ? ನಮ್ಮ ಗಲ್ಲಿಯ ಹುಡುಗರಿಗೆ ಯಾವ ಮೈದಾನದಲ್ಲಿ ಕಲಿಸುತ್ತೀರಿ? ನೀವು ಹೋದ ಮೇಲೆ ಇಲ್ಲಿ ಏನು ಉಳಿಯುತ್ತದೆ?

ಬೆಂಗೇರಿಯ ಹುಡುಗರು ಸಂಜೆ ಆಡಲು ಬಯಲು ಹುಡುಕುತ್ತಾರೆ. ಬೆನ್ನ ಮೇಲೆ ಮೆಸ್ಸಿಯ ಹೆಸರು, ಕಾಲಿಗೆ ಹವಾಯಿ ಚಪ್ಪಲಿ. ಚೆಂಡು ಕೊಳ್ಳಲು ಹುಡುಗರು ಹತ್ತು ಹತ್ತು ರೂಪಾಯಿ ಕೂಡಿಸುವ ಗಲ್ಲಿಯಲ್ಲಿ ಕ್ಲಬ್ಬು ಈಗಾಗಲೇ ಹುಟ್ಟಿರುತ್ತದೆ. ಅದಕ್ಕೆ ಇನ್ನೂ ಹೆಸರಿಲ್ಲ, ಸಾಲವೂ ಇಲ್ಲ. ಆಡಲು ಒಂದು ಬಯಲು ಬೇಕು. ಅದನ್ನು ಕೊಡಿಸುವ ಕೆಲಸ ಮಹಾನಗರ ಪಾಲಿಕೆಯದು, ಕೇಳುವ ಕೆಲಸ ಊರವರದು.