ಯಂತ್ರದ ಸವಕಳಿಯೂ ಉದ್ಯಮದ ಸ್ಥಿರತೆಯೂ

ಯಶವಂತಪುರವನ್ನು ದಾಟಿ ತುಮಕೂರು ರಸ್ತೆಯಲ್ಲಿ ಮುಂದುವರಿದರೆ ಪೀಣ್ಯದ ಕೈಗಾರಿಕಾ ಪ್ರದೇಶವು ಎದುರಾಗುತ್ತದೆ. ಒಂದೆರಡು ಲೇತುಗಳನ್ನಿಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಶೆಡ್ಡುಗಳು ಅಲ್ಲಿ ಬಹಳ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಅಂತಹ ಶೆಡ್ಡಿಗೆ ಒಡೆಯರಾದಾರು. ಹೊಸ ಯಂತ್ರ ಕೊಂಡವನಿಗೆ ಸರಕಾರವು ಕೊಡುವ ತೆರಿಗೆ ರಿಯಾಯಿತಿಯ ಸ್ವರೂಪವನ್ನು ಅವರು ಈಗಲೇ ತಿಳಿದಿರುವುದು ಒಳಿತು.

ಯಂತ್ರವು ದುಡಿದಂತೆಲ್ಲ ಸವೆಯುತ್ತದೆ. ಈ ಸವಕಳಿಯನ್ನು ವೆಚ್ಚವೆಂದೇ ಗಣಿಸಿ ಲಾಭದಿಂದ ಕಳೆಯಲು ಕಾನೂನು ಅವಕಾಶವೀಯುತ್ತದೆ. ಸಾಮಾನ್ಯ ಯಂತ್ರಗಳಿಗೆ ಇದರ ದರವು ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ಶೇಕಡಾ 15. ಕಡಿಮೆ ದರದ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳದ ತಯಾರಿಕಾ ಘಟಕಕ್ಕೆ ಹೊಸ ಯಂತ್ರದ ಮೇಲೆ ಇನ್ನೂ ಶೇಕಡಾ 20 ಹೆಚ್ಚುವರಿಯಾಗಿ ದೊರೆಯುತ್ತದೆ. ಯಂತ್ರದ ಬೆಲೆ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲ ವರ್ಷ 3.5 ಲಕ್ಷ ಕಳೆಯಬಹುದು; ಶೇಕಡಾ 30ರ ದರದಲ್ಲಿ ತೆರಿಗೆ ತೆರುವ ಪಾಲುದಾರಿಕೆ ಸಂಸ್ಥೆಗೆ, ಮೇಲ್ತೆರಿಗೆಯ ಮಾತನ್ನು ಬಿಟ್ಟರೆ, 1,05,000 ರೂಪಾಯಿ ಉಳಿಯಿತು. ಮರುವರ್ಷ ಕಳೆಯಬಹುದಾದುದು ಉಳಿದ 6.5 ಲಕ್ಷದ ಶೇಕಡಾ 15, ಎಂದರೆ 97,500 ಮಾತ್ರ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ದರವು ಅರ್ಧವಾಗುತ್ತದೆ. ಮಾರ್ಚ್ ಕೊನೆಯಲ್ಲಿ ಅವಸರದಿಂದ ಯಂತ್ರ ತರಿಸುವವರು ಇದನ್ನು ಮರೆಯುವುದುಂಟು.

ಆದರೆ ಇದು ಕೈಗೆ ಬರುವ ಹಣವಲ್ಲ. ಲಾಭವಿದ್ದರೆ ತಾನೇ ತೆರಿಗೆ, ತೆರಿಗೆಯಿದ್ದರೆ ತಾನೇ ಉಳಿತಾಯ! ನಷ್ಟದ ವರ್ಷದ ಸವಕಳಿಯನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು. ಬ್ಯಾಂಕಿನ ಕಂತನ್ನು ಹಾಗೆ ಒಯ್ಯಲಾಗದು. 2020ರ ಮಾರ್ಚಿಯಿಂದ ಆಗಸ್ಟಿನವರೆಗೆ ರಿಸರ್ವ್ ಬ್ಯಾಂಕು ಕಂತುಗಳನ್ನು ಮುಂದೂಡಲು ಅನುಮತಿಯಿತ್ತಾಗಲೂ ಬಡ್ಡಿಯು ಬೆಳೆಯುತ್ತಲೇ ಇತ್ತು. ರಿಯಾಯಿತಿಯ ಆಸೆಗೆ ಸಾಲ ಮಾಡಿದವರು ಆಗ ಪಟ್ಟ ಪಾಡು ಸಾಮಾನ್ಯವಾದುದಲ್ಲ.

1976ರಲ್ಲಿ ಬಂದ ಹೂಡಿಕೆ ಭತ್ಯೆಯ ನಿಯಮವು ಈ ವಿಷಯದಲ್ಲಿ ಹೆಚ್ಚು ದೂರದೃಷ್ಟಿಯುಳ್ಳದ್ದೆಂದು ನನ್ನ ಎಣಿಕೆ. ಯಂತ್ರದ ಬೆಲೆಯ ಶೇಕಡಾ 25ನ್ನು ಸವಕಳಿಯ ಜೊತೆಗೆ ಕಳೆಯಬಹುದಿತ್ತು. ಆದರೆ ಆ ಭತ್ಯೆಯ ಮುಕ್ಕಾಲು ಪಾಲನ್ನು ಮೀಸಲು ನಿಧಿಯಲ್ಲಿರಿಸಿ, 10 ವರ್ಷದೊಳಗೆ ಮತ್ತೆ ಹೊಸ ಯಂತ್ರಕ್ಕೇ ತೊಡಗಿಸಬೇಕಿತ್ತು. ಅಲ್ಲಿಯವರೆಗೆ ಅದನ್ನು ಲಾಭಾಂಶವಾಗಿ ಹಂಚುವಂತಿರಲಿಲ್ಲ. ಯಂತ್ರವನ್ನು 8 ವರ್ಷದೊಳಗೆ ಮಾರಿದರೆ ರಿಯಾಯಿತಿಯೂ ಹೋಗುತ್ತಿತ್ತು. 1990ರ ಬಳಿಕ ಹೊಸ ಯಂತ್ರಗಳಿಗೆ ಈ ಭತ್ಯೆ ದೊರೆಯಲಿಲ್ಲ.

ಸಣ್ಣ ಘಟಕಕ್ಕೆ ಯಂತ್ರದ ರಿಯಾಯಿತಿಗಿಂತ ಮಾಡಿಕೊಟ್ಟ ಮಾಲಿನ ಹಣವು ಕಾಲಕ್ಕೆ ಬರುವುದೇ ಹೆಚ್ಚಿನ ಆಸರೆ. ಅಂತಹ ಘಟಕಕ್ಕೆ ಕೊಡಬೇಕಾದುದನ್ನು, ಒಪ್ಪಂದವಿದ್ದರೂ, 45 ದಿನಕ್ಕಿಂತ ತಡಮಾಡಿದರೆ, ನಿಜವಾಗಿ ಪಾವತಿ ಮಾಡುವ ವರ್ಷದವರೆಗೆ ಕೊಂಡವನು ಅದನ್ನು ತನ್ನ ವೆಚ್ಚವೆಂದು ತೋರಿಸುವಂತಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮವಿದು.