ಶುಶ್ರೂಷೆಯ ಮೂಲಾರ್ಥ

‘ಶುಶ್ರೂಷೆ’ ಎಂಬ ಸಂಸ್ಕೃತ ಶಬ್ದದ ಮೂಲಾರ್ಥ, ಕೇಳಬೇಕೆಂಬ ಇಚ್ಛೆ. ಸೇವೆ, ಆರೈಕೆ ಎಂಬ ಅರ್ಥಗಳು ಅದರಿಂದ ಬೆಳೆದವು. ಮೂಲವ್ಯಾಧಿ, ಭಗಂದರ, ಗುದದ ಬಿರುಕು ಇವುಗಳಿಗೆ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವರ ವಿಷಯದಲ್ಲಿ ಆ ಮೂಲಾರ್ಥವನ್ನೇ ನೆನೆಯಬೇಕಾಗುತ್ತದೆ. ಈ ರೋಗಿ ನಾಚಿಕೆಯಿಂದ ತಾನಾಗಿ ಏನನ್ನೂ ಹೇಳುವುದಿಲ್ಲ, ನಾವೇ ಕೇಳಬೇಕು.

ಕೋಟದಲ್ಲಿ ನನ್ನ ಸೋದರಮಾವ ಮೂಲವ್ಯಾಧಿಯ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಮೇಲೆ, ಮೂರು ದಿನ ಗಂಜಿಯ ತಿಳಿಯನ್ನಷ್ಟೇ ಕುಡಿದರು. ಮನೆಯವರು ಅದನ್ನು ಪಥ್ಯವೆಂದು ಬಗೆದಿದ್ದರು. ನಾನು ಹತ್ತಿರ ಕುಳಿತು ವಿಚಾರಿಸಿದಾಗ ಮೆಲ್ಲನೆ, “ಉಂಡ್ರಲ್ದಾ ಮಾಣಿ, ಹೋಯ್ಕಾಪ್ದು?” ಎಂದರು. ವಿಷಯದ ತಿರುಳೆಲ್ಲ ಆ ಮಾತಿನಲ್ಲಿತ್ತು. ಭಯದಿಂದ ಅನ್ನ ನೀರು ಬಿಟ್ಟರೆ ಮಲ ಗಟ್ಟಿಯಾಗುತ್ತದೆ. ಗಟ್ಟಿ ಮಲ ಹಸಿಗಾಯವನ್ನು ಕೆದಕುತ್ತದೆ. ನೋವು ಹೆಚ್ಚಿದಂತೆ ಭಯ ಚಕ್ರಬಡ್ಡಿಯಾಗಿ ಬೆಳೆಯುತ್ತದೆ.

ಈ ಚಕ್ರವನ್ನು ಮುರಿಯುವುದೇ ಆರೈಕೆಯ ಮೊದಲ ಕೆಲಸ. ನೋವು ಸಹಿಸಲಾರದಷ್ಟಾಗುವವರೆಗೆ ಕಾಯದೆ, ವೈದ್ಯರು ಹೇಳಿದ ಗುಳಿಗೆಯನ್ನು ಹೊತ್ತುಹೊತ್ತಿಗೆ ಕೊಡಬೇಕು. ಅಫೀಮಿನ ವರ್ಗದ ನೋವುನಿವಾರಕಗಳು ಮಲಬದ್ಧತೆ ತರುತ್ತವೆ ಎಂಬುದೂ ತಿಳಿದಿರಬೇಕು. ಧಾರಾಳ ನೀರು, ಹರಿವೆ, ಬಸಳೆ, ಹಣ್ಣು, ಬೇಕಾದರೆ ವೈದ್ಯರನ್ನು ಕೇಳಿ ಇಸಬಗೋಲು: ಇವು ಮಲವನ್ನು ಮೆದುವಾಗಿಡುತ್ತವೆ. ಮೂಲವ್ಯಾಧಿಯವರ ಮೇಲೆ ನಡೆದ ಪ್ರಯೋಗಗಳನ್ನು 2005ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ನಾರಿನ ಸೇವನೆಯಿಂದ ರಕ್ತಸ್ರಾವದ ಸಂಭವ ಸುಮಾರು ಅರ್ಧಕ್ಕಿಳಿದದ್ದು ಕಂಡುಬಂತು. ಅವರು ಶಸ್ತ್ರಚಿಕಿತ್ಸೆಯಾದವರಲ್ಲದಿದ್ದರೂ, ಮಲ ಮೆದುವಾಗಿರಬೇಕೆಂಬ ತತ್ತ್ವ ಇಬ್ಬರಿಗೂ ಒಂದೇ.

ಇನ್ನು ಬಿಸಿನೀರಿನ ಮಾತು. ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಹತ್ತು ಹದಿನೈದು ನಿಮಿಷ ಕೂರಲು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಚರಕಸಂಹಿತೆಯಲ್ಲಿಯೂ ಅರ್ಶೋರೋಗಕ್ಕೆ ಕಷಾಯದಲ್ಲಿ ಕೂರಿಸುವ ಅವಗಾಹವಿದೆ. ಆದರೆ ಇದರಿಂದ ಗಾಯ ಬೇಗ ಮಾಯುವುದೆಂದು ಪ್ರಯೋಗಗಳು ದೃಢಪಡಿಸಿಲ್ಲ. ಹಾಗೆಂದು ಬಿಡಬೇಕೆ? ಬೇಡ. ರೋಗಿಗೆ ಹಿತವೆನಿಸುತ್ತದೆ, ಶುಚಿಯಾಗುತ್ತದೆ. ಹಂಡೆಯ ಸುಡುನೀರನ್ನು ಹಾಗೆಯೇ ಬಳಸದಿದ್ದರೆ ಸಾಕು. ಅನಂತರ ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಸಾಕ್ಷ್ಯವನ್ನು ಆಧರಿಸಿದ ಆರೈಕೆ ಎಂದರೆ ರೂಢಿಯನ್ನೆಲ್ಲ ಎಸೆಯುವುದಲ್ಲ. ಯಾವುದು ಸಿದ್ಧ, ಯಾವುದು ಕೇವಲ ಹಿತ ಎಂಬುದನ್ನು ಅರಿತು ಮಾಡುವುದು.

ಮಲದೊಡನೆ ತುಸು ರಕ್ತ ಕಂಡರೆ ಗಾಬರಿ ಬೇಡ. ಆದರೆ ಮೂತ್ರ ಕಟ್ಟಿದರೆ, ಜ್ವರ ಬಂದರೆ, ರಕ್ತ ನಿಲ್ಲದೆ ಸುರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಂಥ ರಕ್ತಸ್ರಾವ ಒಂದೆರಡು ವಾರ ಕಳೆದ ಮೇಲೂ ಉಂಟಾಗಬಹುದು.

ಮಾವ ಆ ಸಂಜೆ ಕುಚ್ಚಲಕ್ಕಿ ಗಂಜಿ, ಹರಿವೆಯ ಪಲ್ಯ ಉಂಡರು. ನಾನು ಹೊಸ ಔಷಧವನ್ನೇನೂ ಕೊಟ್ಟಿರಲಿಲ್ಲ. ಮೂರು ದಿನ ಯಾರೂ ಕೇಳದ ಒಂದು ಪ್ರಶ್ನೆಯನ್ನು ಕೇಳಿದ್ದೆ, ಅಷ್ಟೆ.