ಬೆನ್ನು ಬಿರಿಯುವ ಹೊತ್ತು

ಕೋಡಿಯ ಪಕ್ಕ, ಜೊಂಡು ಬೆಳೆದ ಕಡೆ, ಸದ್ದು ಮಾಡದೆ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಸರಿನ ಹಸಿ ವಾಸನೆ, ನಡುನಡುವೆ ಕಪ್ಪೆಯ ವಟವಟ. ಮಣ್ಣುಬಣ್ಣದ ಹುಳವೊಂದು ನೀರಿನಿಂದ ಗೇಣೆತ್ತರ ಏರಿ ಕಡ್ಡಿಯನ್ನು ಕಚ್ಚಿ ಹಿಡಿದಂತೆ ನಿಂತಿದೆ. ಇಷ್ಟು ದಿನ ಕೆರೆಯ ತಳದಲ್ಲಿ ಗೊದಮೊಟ್ಟೆ ತಿಂದು ಬೆಳೆದ ಏರೋಪ್ಲೇನ್ ಚಿಟ್ಟೆಯ ಮರಿ ಅದು.

ಒಣಗಿದ ಅವರೆಕಾಯಿಯ ಹಾಗೆ ಬೆನ್ನು ಬಿರಿಯುತ್ತದೆ. ಸೀಳಿನಿಂದ ತಲೆ, ಎದೆ, ಕಾಲು ಈಚೆ ಬಂದು, ಮೈ ಹಿಂದಕ್ಕೆ ಬಾಗಿ ತಲೆಕೆಳಗಾಗಿ ತೂಗುತ್ತದೆ. ಸತ್ತೇ ಹೋಯಿತೇನೋ ಅನ್ನಿಸುವಷ್ಟು ಹೊತ್ತು. ಕಾಲು ಗಟ್ಟಿಯಾದದ್ದೇ ತಡ, ಮೇಲಕ್ಕೆ ಚಿಮ್ಮಿ ತನ್ನದೇ ಪೊರೆಯ ತಲೆಯನ್ನು ಹಿಡಿದು, ಉಳಿದ ಬಾಲವನ್ನು ಎಳೆದುಕೊಳ್ಳುತ್ತದೆ. ಬೆನ್ನ ಮೇಲೆ ಹಿಂಡಿಟ್ಟ ಒದ್ದೆ ಬಟ್ಟೆಯಂಥ ನಾಲ್ಕು ಮುದ್ದೆ. ಅವುಗಳೊಳಗೆ ಮೈರಸ ನುಗ್ಗುತ್ತಿದ್ದಂತೆ ಸುಕ್ಕು ಬಿಡುತ್ತ, ಹಾಲುಬಿಳುಪಿನ ರೆಕ್ಕೆಗಳು ನೀಳವಾಗುತ್ತವೆ.

ಹಕ್ಕಿ, ಬಾವಲಿಗಳು ಮುಂಗಾಲನ್ನು ಕೊಟ್ಟು ರೆಕ್ಕೆ ಕೊಂಡವು. ಇದರ ಕಾಲು ಆರಕ್ಕೆ ಆರೂ ಇವೆ, ರೆಕ್ಕೆ ಕೊಸರು! ಎಲ್ಲಿಂದ ಬಂತು ಈ ಕೊಸರು ಎಂದು ಪಂಡಿತರು ನೂರು ವರ್ಷಕ್ಕೂ ಮೀರಿ ಜಗಳವಾಡಿದ್ದಾರೆ. ಬೆನ್ನಿನ ಚಿಪ್ಪೇ ಸೂರಿನಂತೆ ಹೊರಚಾಚಿತು ಎಂದು ಕೆಲವರು, ಕಾಲಿನ ಬುಡದ ಕಿವಿರು ಮೇಲೇರಿತು ಎಂದು ಕೆಲವರು. ಅಮೆರಿಕದ ವುಡ್ಸ್ ಹೋಲ್‌ನ ಹೀದರ್ ಬ್ರೂಸ್ ಮತ್ತು ನಿಪಮ್ ಪಟೇಲ್, ಸೀಗಡಿಯ ನೆಂಟನಾದ ಪುಟ್ಟ ಕಡಲಜೀವಿಯೊಂದರ ಕಾಲು ರೂಪಿಸುವ 5 ಜೀನ್‌ಗಳನ್ನು ಕೆಡಿಸಿ ನೋಡಿದರು. ಪೂರ್ವಜರ ಕಾಲಿನ ಬುಡದ ಗಿಣ್ಣು ಮೈಗೋಡೆಯಲ್ಲಿ ಬೆರೆತುಹೋಯಿತು, ಅದರ ಹಾಲೆಯೇ ಬೆನ್ನಿಗೆ ಸರಿದು ರೆಕ್ಕೆಯಾಯಿತು ಎಂದು 2020ರಲ್ಲಿ ಬರೆದರು. ಗೋಡೆಯೇ ಹಳೆಯ ಕಾಲು ಎಂದಮೇಲೆ ಜಗಳಕ್ಕೆ ಜಾಗವೆಲ್ಲಿ? ಒಪ್ಪದವರೂ ಇದ್ದಾರೆನ್ನಿ.

ಸಿಕ್ಕಿರುವ ಅತಿ ಹಳೆಯ ರೆಕ್ಕೆಗಳ ಪಳೆಯುಳಿಕೆಗೆ ಸುಮಾರು 32 ಕೋಟಿ ವರ್ಷ. ಹಾರುವ ಸರೀಸೃಪಗಳು ಬರುವ ತನಕ, ಹತ್ತಿರ ಹತ್ತಿರ 10 ಕೋಟಿ ವರ್ಷ, ಆಕಾಶ ಹುಳಗಳದ್ದೇ. ಫ್ರಾನ್ಸಿನ ಕಲ್ಲಿದ್ದಲ ಗಣಿಯಲ್ಲಿ ಸಿಕ್ಕ ಮೆಗನ್ಯೂರಾ, ಈ ಚಿಟ್ಟೆಯ ದೂರದ ದೊಡ್ಡಪ್ಪ, ರೆಕ್ಕೆ ಹರಡಿದರೆ ಎರಡು ಅಡಿಗೂ ಮಿಕ್ಕಿತ್ತು.

ಅಗೋ, ಬೆನ್ನ ಮೇಲೆ ಜೋಡಿಸಿ ಹಿಡಿದಿದ್ದ ರೆಕ್ಕೆಗಳು ಫಕ್ಕನೆ ಅಗಲಿದವು. ನೊಣದ ಹಾಗೆ ಬೆನ್ನಿಗೆ ಮಡಿಸಿಟ್ಟುಕೊಳ್ಳುವ ಕೀಲು ಇವಕ್ಕಿಲ್ಲ. ಮೈ ಬಿಸಿಯಾಗಲೆಂದು ಗಡಗಡ ನಡುಕ, ಆಮೇಲೆ ತೊದಲು ಹಾರಾಟ. ತಂತಿಯ ಮೇಲೆ ಕಳ್ಳಿಪೀರವೊಂದು ಆಗಲೇ ಕಾದಿದೆ. ಇಲ್ಲಿ ಕಡ್ಡಿಗೆ ಅಂಟಿದ ಖಾಲಿ ಪೊರೆ, ಅದರ ಸೀಳಿನಲ್ಲಿ ನಾಲ್ಕಾರು ಬಿಳಿ ಎಳೆ: ಹಳೆಯ ಉಸಿರುನಾಳಗಳ ಒಳಪದರ.